ಟ್ಯಾಂಕಿಗೆ ನಾಲ್ಕು ಹೊಲಿಗೆ

ಗಾಜಿನ ಕಪಾಟಿನೊಳಗೆ ತೆಪ್ಪಗೆ ನಿಂತಿದ್ದ ಪ್ಲಾಸ್ಟಿಕ್ ಮಾದರಿ ಟ್ಯಾಂಕಿನ ಟ್ರ್ಯಾಕು, ಅಂದರೆ ಗಾಲಿಗಳನ್ನು ಸುತ್ತುವ ಪಟ್ಟಿ, ತಾನಾಗಿಯೇ ಕಡಿಯಿತು ಎಂದರೆ ಯಾರೂ ನಂಬುವುದಿಲ್ಲ. "ಮಕ್ಕಳು ಮುಟ್ಟಿರಬೇಕು" ಎನ್ನುತ್ತಾರೆ. ಪುಣೆಯ ಕೋಥರೂಡಿನ ನಮ್ಮ ಫ್ಲ್ಯಾಟಿನಲ್ಲಿ ನಾವಿಬ್ಬರು ಬಿಟ್ಟರೆ ಇರುವುದು ಹಲ್ಲಿಗಳು. ನನ್ನಾಕೆ ಆ ಕಪಾಟಿನ ಹತ್ತಿರ ಸುಳಿಯುವುದೇ ಆಯುಧಪೂಜೆಯ ದಿನ. ಒನಕೆ, ಇಳಿಗೆಮಣೆ, ಸ್ಕೂಟರು ಎಲ್ಲ ಮುಗಿದ ಮೇಲೆ, ಆಯುಧ ಅಂದಮೇಲೆ ಇದೂ ಆಯುಧವೇ ತಾನೇ ಎಂದು ಫಿರಂಗಿಯ ತುದಿಗೊಂದು ಚೆಂಡುಹೂ ಸಿಕ್ಕಿಸಿ ಕುಂಕುಮ ಇಡುತ್ತಾಳೆ. ಮ್ಯಾಟ್ ಪೇಂಟಿನ ಮೇಲೆ ಕೂತ ಕುಂಕುಮ ಏನು ಮಾಡಿದರೂ ಹೋಗದು. ಆ ವಿಷಯದಲ್ಲಿ ನಾವು ಮಾತಾಡುವುದನ್ನು ನಿಲ್ಲಿಸಿದ್ದೇವೆ.

ಕಡಿದದ್ದು ಬೇರೆ ಯಾವುದಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇದು ಸೆಂಚುರಿಯನ್ ಟ್ಯಾಂಕು. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ 'ಫಮಗುಸ್ತಾ' ಎಂದು ಕೈಯಾರೆ ಬರೆದದ್ದು. 1971ರ ಡಿಸೆಂಬರ್ 16ರಂದು, ಪಾಕಿಸ್ತಾನದ ಜೊತೆಗಿನ ಯುದ್ಧದ ಬಸಂತರ್ ಕಾಳಗದಲ್ಲಿ, ಬೆಂಕಿ ಹತ್ತಿದ ಟ್ಯಾಂಕನ್ನು ಬಿಟ್ಟು ಬಾ ಎಂದು ಮೇಲಿನವರು ಹೇಳಿದರೂ ಬಿಡದೆ ಪೂನಾ ಹಾರ್ಸ್ ರೆಜಿಮೆಂಟಿನ ಅರುಣ್ ಖೇತ್ರಪಾಲ್ ಪ್ರಾಣ ಕೊಟ್ಟದ್ದು ಇದೇ ಹೆಸರಿನ ಸೆಂಚುರಿಯನ್ನಿನಲ್ಲಿ. ಹುಡುಗ ಹುಟ್ಟಿದ್ದು ಈ ಪುಣೆಯಲ್ಲೇ, 1950ರಲ್ಲಿ. ಇಪ್ಪತ್ತೊಂದು ವರ್ಷ, ಪರಮವೀರ ಚಕ್ರ. ಅಂಥ ಟ್ಯಾಂಕಿನ ಪ್ರತಿರೂಪ ನಮ್ಮ ಹಾಲಿನಲ್ಲಿ ಯಾವ ಶತ್ರುವೂ ಇಲ್ಲದೆ, ಪಟ್ಟಿ ಕಡಿದುಕೊಂಡು ಕೂತಿದೆ. ನೋಡಲಾಗುವುದಿಲ್ಲ.

ತಪ್ಪು ಟ್ರ್ಯಾಕಿನ ವಿನೈಲಿನದು, ಅಂದರೆ ಮೆತ್ತಗೆ ಮಾಡಿದ ಪಿವಿಸಿಯದು. ಪಿವಿಸಿ ಹುಟ್ಟಿನಿಂದ ಮೆತ್ತಗಿನ ವಸ್ತುವೇ ಅಲ್ಲ. ನಿಮ್ಮ ಬಚ್ಚಲಿನ ನೀರಿನ ಪೈಪೂ ಅದೇ. ಎಣ್ಣೆಯಂಥ ಪ್ಲಾಸ್ಟಿಸೈಜರ್ ಕುಡಿಸಿ ಅದನ್ನು ಬಾಗಿಸುತ್ತಾರೆ. ಕುಡಿದದ್ದು ಒಳಗೆ ನಿಲ್ಲುವುದಿಲ್ಲ. ಮೆಲ್ಲಗೆ ಹೊರಗೆ ಬಂದು ಪಕ್ಕದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಗಾಲಿಗಳನ್ನು ಅಂಟಂಟು ಮಾಡಿ ಕರಗಿಸುತ್ತದೆ. ಅದನ್ನು ಕಳಕೊಂಡ ವಿನೈಲು ಮಾತ್ರ ಬಿಸಿಲಲ್ಲಿ ಒಣಗಿದ ಹಪ್ಪಳದ ಹಾಗೆ ಚಟ್ಟನೆ ಮುರಿಯುತ್ತದೆ. ಬಣ್ಣ ತೆಳುಮಾಡುವ ಎನಾಮಲ್ ಥಿನ್ನರ್ ಸೋಕಿದರೆ ಇನ್ನೂ ಬೇಗ. ಇದರಲ್ಲಿ ಮನುಷ್ಯರ ಬಗ್ಗೆಯೂ ಒಂದು ದೊಡ್ಡ ಮಾತು ಅಡಗಿದೆ ಎಂದು ನನಗೆ ಬಲವಾಗಿ ಅನ್ನಿಸಿದೆ. ಮುಂದೆ ಹೇಳುತ್ತೇನೆ.

ಇಷ್ಟಕ್ಕೂ ಮೆತ್ತಗಿನ ಟ್ರ್ಯಾಕ್ ಯಾಕೆ ಬೇಕಿತ್ತು? ಓಡಲು! 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುವೋಕದ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಎಲ್ಲ ಹಿಡಿಸಬೇಕಿತ್ತು. ಬ್ಯಾಟರಿಗೆ ತಕ್ಕ ಹಾಗೆ ಟ್ಯಾಂಕಿನ ಅಳತೆ ನಿಂತಿತು. ಆಮೇಲೆ ಲೆಕ್ಕ ಹಾಕಿದರೆ ಸುಮಾರು 1/35, ಅಸಲಿನ ಮೂವತ್ತೈದರಲ್ಲೊಂದು ಪಾಲು. ಇವತ್ತು ಜಗತ್ತಿನ ಟ್ಯಾಂಕ್ ಮಾದರಿಗಳ ಮುಖ್ಯ ಅಳತೆಯೇ ಅದು. ಓಡುವ ಆಟಿಕೆಗೆ ರಬ್ಬರಿನಂಥ ಪಟ್ಟಿ ಸರಿ. ನನ್ನದು ಓಡುವುದಿಲ್ಲ. ಮನೆಗೆ ಬಂದ ಪ್ರತಿಯೊಬ್ಬರೂ "ರಿಮೋಟ್ ಎಲ್ಲಿ?" ಎಂದು ಕೇಳುತ್ತಾರಾದರೂ ಅದು ಓಡುವುದಿಲ್ಲ. ಒಂದಿಂಚು ಮುಂದೆ ಹೋಗದೆಯೂ ಹಗಲು ರಾತ್ರಿ ಸ್ಪ್ರಾಕೆಟ್ಟಿನ, ಅಂದರೆ ಹಲ್ಲಿನ ಚಕ್ರದ, ಮೇಲೆ ಸೆಟೆದುಕೊಂಡೇ ಇರಬೇಕು. ಅಹ್ಮದ್‌ನಗರದ (ಈಗಿನ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಮ್ಮಿನ ಅಂಗಳಕ್ಕೆ ಹೋಗಿ ನೋಡಿ, ಅಸಲು ಟ್ರ್ಯಾಕುಗಳು ಉಕ್ಕಿನವು, ಪಿನ್ನು ಹಾಕಿ ಕೊಂಡಿ ಕೊಂಡಿಯಾಗಿ ಜೋಡಿಸಿದವು, ಮಳೆ ಬಿಸಿಲಿಗೆ ಬಿದ್ದುಕೊಂಡು ಹಾಯಾಗಿವೆ.

ಸಲಹೆ ಕೊಡುವವರಿಗೆ ಬರವಿಲ್ಲ. ಬಿಸಿ ಸ್ಕ್ರೂಡ್ರೈವರಿನಿಂದ ತುದಿ ಕರಗಿಸು. ಸ್ಟೇಪಲ್ ಹೊಡಿ. ಸೂಪರ್ ಗ್ಲೂ ಹಾಕು (ಹಾಕಿದರೆ ಅಂಟಿದ ಜಾಗ ಕಲ್ಲಾಗಿ, ಪಕ್ಕದ ಕೊಂಡಿ ಮುರಿಯುತ್ತದೆ). ಎಲ್ಲಕ್ಕಿಂತ ಮೈ ಉರಿಸುವುದು, "ಮೆಟಲ್ ಟ್ರ್ಯಾಕ್ ತರಿಸಿಕೊಂಡುಬಿಡಿ ಸಾರ್" ಎನ್ನುವವರು. ಆ ಬಿಳಿ ಲೋಹದ ಕೊಂಡಿಗಳ ಡಬ್ಬಿ ಎಷ್ಟೋ ಸಲ ಟ್ಯಾಂಕಿಗಿಂತ ದುಬಾರಿ. ಪರರ ದುಡ್ಡಿನ ವಿಷಯದಲ್ಲಿ ಜನರಿಗಿರುವ ಔದಾರ್ಯಕ್ಕೆ ಎಣೆಯಿಲ್ಲ.

ಟ್ರ್ಯಾಕನ್ನು ಬೆಂಕಿಪೊಟ್ಟಣದಲ್ಲಿ ಸುರುಳಿ ಸುತ್ತಿಕೊಂಡು ನಾನು ಹೋದದ್ದು ಕರ್ವೆ ಪುತಳಾ (ಪ್ರತಿಮೆ) ಹತ್ತಿರ ಛತ್ರಿ ಬಿಚ್ಚಿ ಕೂರುವ ಚಪ್ಪಲಿ ರಿಪೇರಿಯವರ ಬಳಿಗೆ. ಇಂಡಿ ತಾಲ್ಲೂಕಿನವರು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಮಾತ್ರ ವಿಜಾಪುರದ ಕನ್ನಡ.

"ಏನ್ರೀ ಇದು, ವಾಚಿನ ಬೆಲ್ಟಾ?"

"ಅಲ್ಲ, ಟ್ಯಾಂಕಿಂದು."

"ನೀರಿನ ಟ್ಯಾಂಕಿಗೆ ಎದಕ್ಕ್ರೀ ಬೆಲ್ಟು?"

ಯುದ್ಧದ ಟ್ಯಾಂಕು ಎಂದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಕೊಂಡಿಗಳ ಮೇಲೆ ಹೆಬ್ಬೆರಳಾಡಿಸಿದರು. ಬಾಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದು ಮೂಸಿದರು. "ರೆಕ್ಸಿನ್ ಅಳಿಯ ಇದು. ಜೋಡಣಿ ಅಷ್ಟ ಹ್ವಾಗ್ಯದ, ಉಳಿದದ್ದಕ್ಕ ಇನ್ನೂ ಜೀವ ಅದ." ಇಷ್ಟು ಚುರುಕಾದ ರೋಗನಿರ್ಣಯ ನನ್ನ ಮಂಡಿನೋವಿಗೂ ಸಿಕ್ಕಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಕೊಲ್ಹಾಪುರಿ ಚಪ್ಪಲಿಯ ಕಿತ್ತ ಉಂಗುಷ್ಠ ತಂದ. ನನ್ನ ಟ್ರ್ಯಾಕು ತೊಡೆಯ ಮೇಲೆ ಕೂತಿತು, ಚಪ್ಪಲಿಯ ವಿಚಾರಣೆ ಶುರುವಾಯಿತು. ತಿರುಗಿಸಿ ಅಟ್ಟೆ ನೋಡಿದರು, "ಚರ್ಮ ಅಲ್ಲಿದು, ಒಳಗ ರಟ್ಟು ಅದ" ಎಂದು ಅವನಿಗೆ ಮರಾಠಿಯಲ್ಲೂ ನನಗೆ ಕನ್ನಡದಲ್ಲೂ ಸಾರಿದರು. ಹುಡುಗ ಅಂಗಡಿಯವನು ಹೇಳಿದ ಬೆಲೆ ಹೇಳಿದ. ಅದನ್ನು ಕೇಳಿ ಅವರು ನಕ್ಕ ನಗೆಯಲ್ಲಿ ಅಂಗಡಿಯವನ ಏಳು ತಲೆಮಾರು ಇತ್ತು. ಅಲ್ಲಿಂದ ಮಾತು ಅಥಣಿಗೆ ಹೋಯಿತು. ಹೆಸರು ಕೊಲ್ಹಾಪುರದ್ದು, ಕೈ ನಮ್ಮೋರದು; ಅಥಣಿ ಕಡೆ ಹೊಲಿದ ಚಪ್ಪಲಿಗೆ ಕೊಲ್ಹಾಪುರದ ಪೇಟೆಯಲ್ಲಿ ಹೆಸರು ಬರುತ್ತದೆ, ಹೊಲಿದವನಿಗೆ ಬರುವುದಿಲ್ಲ ಎಂಬುದು ಅವರ ವಾದ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಕೊಡುವಾಗ ಕರ್ನಾಟಕದ ನಾಲ್ಕು ಜಿಲ್ಲೆ (ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಾಪುರ), ಮಹಾರಾಷ್ಟ್ರದ ನಾಲ್ಕು ಎಂದು ಸಮ ಹಂಚಿದ್ದಾರಲ್ಲ ಎಂದೆ. "ಕಾಗದಕ್ಕ ಹೊಲಿಗಿ ಹಾಕ್ತಾರೇನ್ರೀ?" ಎಂದರು. ಹುಡುಗನಿಗೆ ಬಸ್ಸು ತಪ್ಪುವ ಆತಂಕ. ಇವರು ಉಂಗುಷ್ಠದ ಬುಡಕ್ಕೆ ಹೊಸ ಚರ್ಮದ ತುಂಡು ಕೊಟ್ಟು, ಮೇಣ ತಿಕ್ಕಿದ ದಾರ ಎರಡೂ ಕಡೆಯಿಂದ ಎಳೆದು, ಸುತ್ತಿಗೆಯಿಂದ ತಟ್ಟಿ, ಅವನ ಕಾಲಿಗೆ ತಾವೇ ತೊಡಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿಯೇ ಬಿಟ್ಟರು. ದುಡ್ಡು ಕೊಟ್ಟು ಓಡಿದ. "ಓಡಬ್ಯಾಡ, ಹೊಸಾ ಹೊಲಿಗಿ ಅದ" ಎಂದು ಅವನ ಬೆನ್ನಿಗೆ ಕೂಗಿದರು.

ನನ್ನ ಸರದಿ ಬಂತು. ಚಪ್ಪಲಿ ಹೊಲಿಯುವ ಆರಿಯಿಂದ ಚುಚ್ಚುವುದಿಲ್ಲ ಎಂದರು. ಚುಚ್ಚಿದ ತೂತು ನಾಳೆ ಸೀಳುತ್ತದಂತೆ. ಸೂಜಿಯನ್ನು ಮೇಣದಬತ್ತಿಯಲ್ಲಿ ಕಾಯಿಸಿ, ಒಂದು ಕೊಂಡಿಯ ಮೇಲೆ ಇನ್ನೊಂದು ಕೂರಿಸಿ ತೂತು ಸುಟ್ಟರು. ಸಣ್ಣ ಹೊಗೆ, ಕೆಟ್ಟ ವಾಸನೆ. ತೂತಿನ ಸುತ್ತ ವಿನೈಲು ಕರಗಿ ಸಾಸಿವೆಯಷ್ಟು ದಪ್ಪದ ಅಂಚು ಕಟ್ಟಿತು. ಆ ಅಂಚಿನಲ್ಲೇ ಕಪ್ಪು ದಾರ ಹಾಯಿತು. ನಾಲ್ಕು ಹೊಲಿಗೆ. ಜೋರಾಗಿ ಬಿಗಿಯಲಿಲ್ಲ, ಸ್ವಲ್ಪ ಸಡಿಲ ಬಿಟ್ಟರು. ಎಷ್ಟು ಕೊಡಲಿ ಎಂದದ್ದಕ್ಕೆ, ಟ್ಯಾಂಕಿನ ರೇಟು ತಮಗೆ ಗೊತ್ತಿಲ್ಲ, ಸ್ಯಾಂಡಲ್ ಬಕಲಿನ ರೇಟು ಕೊಡಿ ಎಂದರು. ಗ್ಯಾರಂಟಿ ಇಲ್ಲ ಎಂದೂ ಸೇರಿಸಿದರು.

ಮನುಷ್ಯರ ಬಗ್ಗೆ ಏನೋ ಹೇಳುತ್ತೇನೆ ಎಂದಿದ್ದೆ. ಅಥಣಿ ದಾಟುವಷ್ಟರಲ್ಲಿ ಅದು ಎಲ್ಲೋ ಬಿದ್ದುಹೋಯಿತು.

ಹೊಲಿಗೆ ಈಗ ಮೇಲ್ಗಡೆ ಇದೆ, ಸೆಂಚುರಿಯನ್ನಿನ ಪಕ್ಕದ ಕವಚದ ತಗಡುಗಳ ಹಿಂದೆ. ಆ ತಗಡು ಕೂರಿಸಿದವರಿಗೆ ನಮಸ್ಕಾರ. ಎದುರು ನಿಂತವರಿಗೆ ಏನೂ ಕಾಣುವುದಿಲ್ಲ. ಆದರೆ ಮಾಡೆಲ್ ಕಟ್ಟುವ ಗೆಳೆಯನೊಬ್ಬ ಬಂದ. ಎದುರು ನಿಂತು ನೋಡುವ ಜಾತಿಯಲ್ಲ ಅದು. ನೆಲಕ್ಕೆ ಮೊಣಕಾಲೂರಿ, ಮೊಬೈಲಿನ ಟಾರ್ಚ್ ಹಾಕಿ, ತಗಡಿನ ಸಂದಿಯಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದ.

"ದಾರ ಕಾಣ್ತಿದೆ," ಎಂದ. "1971ರಲ್ಲಿ ಇದು ಇರಲಿಲ್ಲ."

ಚಹಾ ಕೊಟ್ಟೆ. ಭಾಕರವಡಿ ಆವತ್ತು ಬೆಳಿಗ್ಗೆಯೇ ತಂದದ್ದಿತ್ತು. ಡಬ್ಬಿ ತೆಗೆಯಲಿಲ್ಲ.