ಮೆಕ್ಯಾನಿಕ್ ಸಿಗಲಿಲ್ವೇನಪ್ಪಾ?

ಹೋದ ತಿಂಗಳು ರಜೆ ಹಾಕಿ ಹನುಮಂತನಗರದ ಮನೆಗೆ ಬಂದಿದ್ದೆ. ಎರಡನೇ ದಿನ ಬೆಳಗ್ಗೆ ಕಾಫಿ ಮುಗಿಸಿ, ಹಳೆ ಲುಂಗಿ ಉಟ್ಟು, ಹೊಂಗೆ ಮರದ ಕೆಳಗೆ ನಿಂತಿದ್ದ ಅಪ್ಪನ ಪದ್ಮಿನಿ ಕಾರಿನ ಬಾನೆಟ್ ಎತ್ತಿದೆ. ಹತ್ತು ನಿಮಿಷ ಆಗಿರಲಿಲ್ಲ, ಎದುರು ಮನೆ ಮೇಷ್ಟ್ರು ಬಂದು ನಿಂತರು. ನನ್ನ ಕೈ ನೋಡಿದರು, ನೆಲದ ಮೇಲಿನ ಸ್ಪ್ಯಾನರ್‌ಗಳನ್ನು ನೋಡಿದರು. "ಯಾಕಪ್ಪಾ, ಮೆಕ್ಯಾನಿಕ್ ಸಿಗಲಿಲ್ವಾ?" ಅಂದರು.

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾದ ಕನಿಕರ ಇತ್ತು. ನನಗೆ ಚುಚ್ಚಿದ್ದು ಅದೇ. ಮಧ್ಯಾಹ್ನದೊಳಗೆ ಇನ್ನೂ ಮೂರು ಜನ ಇದನ್ನೇ ಕೇಳಿದರು. ಅಮ್ಮ ಎರಡು ಸಲ ಹೊರಗೆ ಬಂದು, "ಒಳಗಾದರೂ ತಂದು ಮಾಡೋ, ಹೊರದೇಶದಲ್ಲಿರೋ ಮಗ ರಸ್ತೇಲಿ ಕೂತಿದಾನೆ ಅಂತಾರೆ" ಎಂದು ಮೆಲ್ಲಗೆ ಹೇಳಿ ಹೋದಳು.

ನಾನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಅದು ಕಾರಿನ ಊರು. ಬ್ರಿಟನ್ನಿನ ಮೊದಲ ಕಾರ್ ಕಾರ್ಖಾನೆ ಡೇಮ್ಲರ್ 1896ರಲ್ಲಿ ಶುರುವಾಗಿದ್ದು ಅಲ್ಲೇ. ನಮ್ಮ ಪಕ್ಕದ ಮನೆಯವರು ರಿಟೈರ್ ಆದ ಹಲ್ಲಿನ ಡಾಕ್ಟರು. ಅವರ ಹತ್ತಿರ ಒಂದು ಮಾರಿಸ್ ಮೈನರ್ ಇದೆ, 1098 ಸಿಸಿ. ಒಂದು ಭಾನುವಾರ ಅದರ ಎಸ್‌ಯು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ದೊಡ್ಡದು ಕೂರಿಸಿದರು. ಒಂದೂಕಾಲು ಇಂಚಿನದು ತೆಗೆದು ಒಂದೂವರೆ ಇಂಚಿನದು. ನಾನು ಟಾರ್ಚ್ ಹಿಡಿದೆ. ಅವತ್ತು ಆ ರಸ್ತೆಯಲ್ಲಿ ಹೋದ ಒಬ್ಬರೂ "ಗ್ಯಾರೇಜಿಗೆ ಕೊಡಬಾರದಿತ್ತಾ" ಅನ್ನಲಿಲ್ಲ. ನಾಯಿ ಕರೆದುಕೊಂಡು ಹೊರಟಿದ್ದ ಹೆಂಗಸು ನಿಂತು ಕೇಳಿದ್ದು ಒಂದೇ ಮಾತು: "ಯಾವ ಸೂಜಿ ಹಾಕ್ತಿದ್ದೀರಿ?" ಎಸ್‌ಯುನಲ್ಲಿ ಪೆಟ್ರೋಲಿನ ಅಳತೆ ಕಾಯುವುದು ಮೊನೆ ಸಣ್ಣಗಾಗುತ್ತಾ ಹೋಗುವ ಒಂದು ಸೂಜಿ. ಅದು ಆಕೆಗೆ ಗೊತ್ತಿತ್ತು.

ಈ ಎರಡು ಪ್ರಶ್ನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅಲ್ಲಿ "ಯಾವ ಸೂಜಿ?" ಇಲ್ಲಿ "ಮೆಕ್ಯಾನಿಕ್ ಸಿಗಲಿಲ್ವಾ?"

ಅಪ್ಪನ ಕಾರು 1986ರದ್ದು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಗೊಂಡದ್ದು. 1089 ಸಿಸಿ, ಸುಮಾರು 40 ಅಶ್ವಶಕ್ತಿ. ಲೆಕ್ಕಕ್ಕೆ ಆ ಮಾರಿಸ್‌ಗಿಂತ ಒಂಬತ್ತೇ ಸಿಸಿ ಕಮ್ಮಿ. ಅದರಲ್ಲಿದ್ದ ಒಂಟಿ ಬ್ಯಾರೆಲ್ಲಿನ, ಅಂದರೆ ಒಂದೇ ಬಾಯಿಯ, ಸೋಲೆಕ್ಸ್ ಕಾರ್ಬೊರೇಟರ್ ಸವೆದು ಹೋಗಿತ್ತು. ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಥ್ರಾಟಲ್ಲಿನ ಕಡ್ಡಿ ತೂತಿನಲ್ಲಿ ಲೊಡಲೊಡ ಅಲ್ಲಾಡುತ್ತಿತ್ತು. ಆ ಸಂದಿಯಿಂದ ಗಾಳಿ ಒಳಗೆ ಹೋದರೆ ಐಡ್ಲಿಂಗ್ ನಿಲ್ಲುವುದಿಲ್ಲ, ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗುತ್ತದೆ. ಬುಲ್ ಟೆಂಪಲ್ ರೋಡಿನ ಏರಿನಲ್ಲಂತೂ ಪಿಕಪ್ಪೇ ಇರಲಿಲ್ಲ. ಅದಕ್ಕೇ ಅಲ್ಲಿಂದ ಬರುವಾಗ ಸೂಟ್‌ಕೇಸಿನಲ್ಲಿ ಟವೆಲ್ ಸುತ್ತಿ ಒಂದು ಚಿಕ್ಕ ವೇಬರ್ ಕಾರ್ಬೊರೇಟರ್ ತಂದಿದ್ದೆ, ಎರಡು ಬ್ಯಾರೆಲ್ಲಿನದು. ಮೆಲ್ಲಗೆ ಕಾಲಿಟ್ಟರೆ ಅದರ ಒಂದು ಬಾಯಿ ಮಾತ್ರ ತೆರೆಯುತ್ತದೆ, ಪೆಟ್ರೋಲ್ ಉಳಿಯುತ್ತದೆ. ಇನ್ನೂ ಒತ್ತಿದರೆ ಎರಡನೇ ಬಾಯಿ ತೆರೆದು ಗಾಡಿ ಎದ್ದು ಓಡುತ್ತದೆ. ವೇಬರ್ ಇಟಲಿಯ ಬೊಲೋನ್ಯಾದಲ್ಲಿ 1923ರಲ್ಲಿ ಹುಟ್ಟಿದ ಹೆಸರು. ಪದ್ಮಿನಿಯ ಮೂಲವೂ ಇಟಲಿಯ ಫಿಯೆಟ್ಟೇ ಅಲ್ವಾ, ಅದಕ್ಕೆ ಇದು ಹೊಂದುತ್ತದೆ ಅನಿಸಿತು.

ಕೆಲಸ ದೊಡ್ಡದಲ್ಲ. ಆದರೆ ನಿಧಾನ ಬೇಕು. ಮೊದಲು ಬ್ಯಾಟರಿ ತೆಗೆಯಬೇಕು. ಪೆಟ್ರೋಲ್ ಪೈಪ್ ಬಿಚ್ಚಿದಾಗ ಬರುವ ಎರಡು ಚಮಚ ಪೆಟ್ರೋಲನ್ನು ಬಾಟಲಿಗೆ ಹಿಡಿಯಬೇಕು. ನಮ್ಮ ಮನೆಯ ತುಳಸಿಕಟ್ಟೆ ಗೇಟಿನ ಪಕ್ಕದಲ್ಲೇ ಇದೆ. ಅಮ್ಮ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಚ್ಚಿಟ್ಟು, ನೆಲ ಒರೆಸಿ, ಬಟ್ಟೆಯನ್ನು ದೂರ ಎಸೆಯುತ್ತಿದ್ದೆ. ಹಳೆ ಪ್ಯಾಕಿಂಗ್, ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ ಮ್ಯಾನಿಫೋಲ್ಡಿಗೆ ಅಂಟಿ ಕಲ್ಲಾಗಿತ್ತು. ಅದರ ಬಾಯಿಗೆ ಬಟ್ಟೆ ತುರುಕಿ, ಚೂರು ಒಳಗೆ ಬೀಳದ ಹಾಗೆ, ಬ್ಲೇಡಿನಲ್ಲಿ ಗೀರು ಬೀಳದ ಹಾಗೆ ಹೆರೆಯಲು ಒಂದು ಗಂಟೆ ಬೇಕಾಯಿತು. ಪೆಟ್ರೋಲ್ ಪೈಪ್ ಬೆರಳಿನಲ್ಲಿ ಅಮುಕಿದರೆ ಪುಡಿ ಉದುರುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೆ ರಬ್ಬರ್ ಅದನ್ನು ತಡೆಯುವುದಿಲ್ಲ. ಹೊಸ ಪೈಪು, ಕ್ಲಿಪ್ಪು ಜೆ.ಸಿ. ರೋಡಿನಲ್ಲಿ ಸಿಕ್ಕವು. ಸೋಲೆಕ್ಸಿನ ಜಾಗಕ್ಕೆ ವೇಬರ್ ಕೂರಿಸಲು ನಡುವೆ ಒಂದು ಅಲ್ಯೂಮಿನಿಯಂ ತಗಡು ಬೇಕಿತ್ತು. ಕಲಾಸಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ, ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟ ಅಳತೆಗೆ, ಮಧ್ಯಾಹ್ನದೊಳಗೆ ಮಾಡಿಕೊಟ್ಟರು.

ಮೇಲಿನ ಮನೆಯ ಹುಡುಗ ಫಸ್ಟ್ ಪಿಯುಸಿ. ಕಾಲೇಜಿಂದ ಬಂದವನು ಚೀಲ ಕೂಡ ಇಳಿಸದೆ ನೋಡುತ್ತಾ ನಿಂತ. ಬರ್ನೌಲಿ ತತ್ವ ಗೊತ್ತಾ ಅಂದೆ. ಗಡಗಡ ಹೇಳಿದ, ಸೂತ್ರ ಸಮೇತ. ಸರಿ, ಅದು ಎಲ್ಲಿದೆ ನೋಡು ಅಂತ ಕಾರ್ಬೊರೇಟರ್ ಕೈಗೆ ಕೊಟ್ಟೆ. ನಡುವೆ ಸಣ್ಣಗಾಗುವ ಕೊರಳಿನಲ್ಲಿ ಬೆರಳು ಇಟ್ಟು ನೋಡಿದ. ಗಾಳಿ ಅಲ್ಲಿ ಜೋರಾಗುತ್ತದೆ, ಒತ್ತಡ ಇಳಿಯುತ್ತದೆ, ಆ ಎಳೆತಕ್ಕೆ ಜೆಟ್ಟಿನಿಂದ, ಅಂದರೆ ಅಳತೆಯ ಸಣ್ಣ ತೂತಿನಿಂದ, ಪೆಟ್ರೋಲ್ ಮೇಲೆ ಬರುತ್ತದೆ. "ಇಷ್ಟೇನಾ ಅಂಕಲ್?" ಅಂದ. ಅವನ ಕಣ್ಣು ಹೇಗಿತ್ತು ಅಂದರೆ, ನನಗೆ ಅವತ್ತಿನ ಕೆಲಸವೆಲ್ಲ ಅದಕ್ಕೇ ಸಾರ್ಥಕ ಅನಿಸಿತು. ಅಷ್ಟರಲ್ಲಿ ಮೇಲಿಂದ ಅವನ ತಾಯಿ ಕರೆದರು. ಟ್ಯೂಷನ್ ಟೈಮ್. "ಕೈ ಎಲ್ಲ ಎಣ್ಣೆ ಮಾಡ್ಕೊಂಡಿದೀಯಾ, ಸೋಪ್ ಹಾಕಿ ತೊಳ್ಕೊ" ಎಂದು ಬೈದರು. ಅವನು ಹೋಗಿ ಫಿಸಿಕ್ಸ್ ಟ್ಯೂಷನ್ನಿನಲ್ಲಿ ಕೂತ.

ನನ್ನ ತಕರಾರು ಇದೇ. ನಮ್ಮ ಒಂದು ಬೀದಿಯಲ್ಲಿ ಎಂಜಿನಿಯರ್ ಇಲ್ಲದ ಮನೆ ಹುಡುಕಬೇಕು. ಆದರೆ ಸ್ಪ್ಯಾನರ್ ಇರುವ ಮನೆಯೂ ಹುಡುಕಬೇಕು. ಸ್ವಿಚ್ಚು ಕೆಟ್ಟರೆ ಒಬ್ಬ, ನಲ್ಲಿ ಸೋರಿದರೆ ಒಬ್ಬ, ಸ್ಕೂಟರ್ ಪ್ಲಗ್ ತೆಗೆಯಲೂ ಒಬ್ಬ. ಆಯುಧ ಪೂಜೆಯ ದಿನ ಇದೇ ಬೀದಿಯಲ್ಲಿ ನಡೆದು ನೋಡಿ. ಪ್ರತಿ ಗಾಡಿಗೂ ಬಾಳೆಕಂದು, ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು. ಒಂದು ದಿನ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಸ್ಪ್ಯಾನರು ಉಳಿದ 364 ದಿನ ಮುಟ್ಟಬಾರದ ವಸ್ತು ಆಗುತ್ತದೆ. ಅದನ್ನು ಹಿಡಿದು ಬದುಕುವವನನ್ನು ಗೇಟಿನ ಹೊರಗೆ ನಿಲ್ಲಿಸಿ, ಬೇರೆ ಲೋಟದಲ್ಲಿ ನೀರು ಕೊಡುವ ಮನೆಗಳನ್ನೂ ನಾನು ಕಂಡಿದ್ದೇನೆ. ಇದು ನನಗೆ ನೋವಾಗುತ್ತದೆ. ನಮ್ಮದು ಲೇತುಗಳ ಊರು. ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಬಂತು. ಮೈಕೋ ಆಡುಗೋಡಿಯಲ್ಲಿ ಬಂತು. ಎಚ್‌ಎಎಲ್, ಐಟಿಐ, ಬಿಇಎಲ್ ಎಲ್ಲ ಇಲ್ಲೇ. ಸಾಫ್ಟ್‌ವೇರ್ ಬರುವ ಮುಂಚೆ ಈ ಊರಿಗೆ ಅನ್ನ ಹಾಕಿದ್ದು ಎಣ್ಣೆ ಮೆತ್ತಿದ ಕೈಗಳು. ಒಂದೇ ತಲೆಮಾರಿನಲ್ಲಿ ಅದು ಮರೆತುಹೋಯಿತೇ?

ನನ್ನ ಅಪ್ಪನೂ ಅಂಥವರೇ. ಎಚ್‌ಎಂಟಿ ಟೂಲ್ ರೂಮಿನಲ್ಲಿ 32 ವರ್ಷ. ಮೈಕ್ರೋಮೀಟರ್ ಹಿಡಿದು ನೂರರಲ್ಲೊಂದು ಮಿಲಿಮೀಟರ್ ಕಂಡುಹಿಡಿಯುತ್ತಿದ್ದ ಕೈ. ಆದರೆ ಮನೆಗೆ ಒಂದು ಸ್ಕ್ರೂಡ್ರೈವರ್ ಕೂಡ ತರಲಿಲ್ಲ. ಫ್ಯಾನ್ ಕೆಟ್ಟರೂ ಎಲೆಕ್ಟ್ರಿಷಿಯನ್ ಬರಬೇಕಿತ್ತು. ಈಗಲೂ ನಾನು ಕಾರಿನ ಕೆಳಗೆ ಮಲಗಿದ್ದಾಗ ಅವರು ವರಾಂಡದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಒಂದು ಸಲವೂ ಈ ಕಡೆ ಬರಲಿಲ್ಲ.

ವೇಬರ್ ಕೂತಿತು, ಗಾಡಿ ಸ್ಟಾರ್ಟ್ ಆಯಿತು. ಆದರೆ ಸೈಲೆನ್ಸರಿನಿಂದ ಕರಿ ಹೊಗೆ. ಪ್ಲಗ್ ತೆಗೆದರೆ ಮಸಿ. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಗೊತ್ತಾಯಿತು, ಎಷ್ಟು ಇಳಿಸಬೇಕು ಅಂತ ಗೊತ್ತಾಗಲಿಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ಚಾಮರಾಜಪೇಟೆಯ ಒಂದು ಶೆಡ್ಡಿಗೆ ಹೋದೆ. ಅಲ್ಲಿನ ಸಾಬ್ರು ಎಪ್ಪತ್ತರ ಹತ್ತಿರದವರು. ಬಾನೆಟ್ ಎತ್ತಲೇ ಇಲ್ಲ. ಹಿಂದೆ ನಿಂತು ಹೊಗೆ ಮೂಸಿದರು, ಒಂದು ನಿಮಿಷ ಕೇಳಿಸಿಕೊಂಡರು. "ಸಾರ್, ಇದು ಸಮುದ್ರದ ಪಕ್ಕದ ಜೆಟ್ಟು. ದೊಡ್ಡ ಎಂಜಿನ್ನಿಗೆ ಹಾಕಿದ್ದು. ಮದ್ರಾಸಿಂದ ಬರೋ ಗಾಡಿಗಳು ನಮ್ಮೂರಲ್ಲಿ ಹಿಂಗೇ ಕೆಮ್ಮುತ್ತಿದ್ದವು. ಮುಂಚಿನ ಪೆಟ್ರೋಲ್ ಆಗಿದ್ರೆ ಮೂರು ಸೈಜ್ ಇಳಿಸ್ತಿದ್ದೆ. ಈಗ ಎಥನಾಲ್ ಬೆರೆಸ್ತಾರಲ್ಲ, ಎರಡು ಸಾಕು" ಅಂದರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಗಾಳಿ ತೆಳುವಾದರೆ ಅದೇ ಜೆಟ್ಟು ಪೆಟ್ರೋಲ್ ಜಾಸ್ತಿ ಬಿಟ್ಟ ಹಾಗೆ. ಎಥನಾಲ್ ಬೆರೆತರೆ ಉಲ್ಟಾ, ಅದಕ್ಕೆ ಇನ್ನಷ್ಟು ಬೇಕು. ಇದನ್ನೆಲ್ಲ ನಾನು ಓದಿದ್ದೇನೆ. ಅವರು ಮೂಗಿನಿಂದ ಹೇಳಿದರು. ಜೆಟ್ಟಿನ ಮೇಲಿನ ನಂಬರು ಅದರ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 135 ತೆಗೆದು 125 ಹಾಕಿದೆವು. ಹೊಗೆ ನಿಂತಿತು. ದುಡ್ಡು ಕೇಳಿದರೆ ಟೀ ಕುಡಿಸಿ ಸಾಕು ಅಂದರು. ಕೊವೆಂಟ್ರಿಯಲ್ಲಿ ಇಂಥ ಮೂಗು ನಾನು ನೋಡಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಗ್ಯಾರೇಜಿನ ಒಂದು ಗಂಟೆಯ ಕೂಲಿ ಕೇಳಿದರೆ ಯಾರಾದರೂ ತಾವೇ ಸ್ಪ್ಯಾನರ್ ಹಿಡಿಯುತ್ತಾರೆ, ಅದೂ ನಿಜ. ಕಾರಿಗೆ ಬಾಗಿಲಿರುವ ಶೆಡ್ಡು ಅವರಿಗಿದೆ. ನಮ್ಮ 30-40 ಸೈಟಿನಲ್ಲಿ ಕಾರು ನಿಲ್ಲುವುದೇ ಬೀದಿಯಲ್ಲಿ.

ಆದರೂ ನನ್ನ ಮಾತು ಬದಲಾಗಿಲ್ಲ ಎಂದು ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಇಲ್ಲಿ ಕೈಕೆಲಸಕ್ಕೆ ಮರ್ಯಾದೆ ಇಲ್ಲ, ನೀವೂ ಅದನ್ನು ನಮಗೆ ಕಲಿಸಲಿಲ್ಲ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಊಟ ಮಾಡಿದರು. ಆಮೇಲೆ ಹೇಳಿದರು. 1974ರಲ್ಲಿ, ಅಮ್ಮನ ಮನೆಗಿಂತ ಮುಂಚೆ, ಇನ್ನೊಂದು ಕಡೆ ಹೆಣ್ಣು ನೋಡಲು ಹೋಗಿದ್ದರಂತೆ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ತಗೊಳ್ಳಲು ಕೈ ಚಾಚಿದಾಗ ಹುಡುಗಿಯ ದೊಡ್ಡಪ್ಪ ಇವರ ಉಗುರು ನೋಡಿದರಂತೆ. ಎಷ್ಟು ತೊಳೆದರೂ ಹೋಗದ ಕಪ್ಪು. ಮಾರನೇ ದಿನ ಬೇಡ ಅಂತ ಹೇಳಿ ಕಳಿಸಿದರಂತೆ. "ನಿನ್ನ ಕೈ ಹಾಗೆ ಆಗಬಾರದು ಅಂತ ಇದ್ದೆ. ಅಷ್ಟೇ" ಅಂದರು.

ಅಮ್ಮ ಮಜ್ಜಿಗೆ ಬಡಿಸಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಹಲ್ಲಿನ ಡಾಕ್ಟರು ಭಾನುವಾರ ಕೈ ಕಪ್ಪು ಮಾಡಿಕೊಳ್ಳಬಹುದು. ಸೋಮವಾರ ಅವರ ಕೈಯನ್ನು ಯಾರೂ ನೋಡುವುದಿಲ್ಲ. ಅಪ್ಪನಿಗೆ ವಾರದ ಆರು ದಿನವೂ ಅದೇ ಕೈ ಇತ್ತು. ಇದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಹೊರಡುವ ಹಿಂದಿನ ದಿನ ಬುಲ್ ಟೆಂಪಲ್ ರೋಡಿನಲ್ಲಿ ಒಂದು ಸುತ್ತು ಹೋಗಿ ಬಂದೆ. ಏರಿನಲ್ಲಿ ಎರಡನೇ ಬಾಯಿ ತೆರೆದದ್ದು ಕಾಲಿಗೇ ಗೊತ್ತಾಯಿತು. ಎಂಜಿನ್ ಆರಿದ ಮೇಲೆ ಪ್ಲಗ್ ತೆಗೆದು ನೋಡಿದೆ. ಕಾಫಿಪುಡಿ ಬಣ್ಣ, ಹೇಗಿರಬೇಕೋ ಹಾಗೆ. ವರಾಂಡಕ್ಕೆ ಹೋಗಿ ಅಪ್ಪನಿಗೆ ತೋರಿಸಿದೆ. ಪೇಪರ್ ಮಡಚಿಟ್ಟು, ಪಂಚೆಯ ಅಂಚಿನಲ್ಲಿ ಪ್ಲಗ್ ಹಿಡಿದು ಬೆಳಕಿಗೆ ತಿರುಗಿಸಿದರು. ತುಂಬ ಹೊತ್ತು ನೋಡಿದರು.

"ಬಣ್ಣ ಸರಿಯಿದೆ. ಗ್ಯಾಪ್ ಜಾಸ್ತಿ" ಅಂದರು.

ಹೋಗಿ ಪ್ಲಗ್ಗಿನ ಕಿಡಿ ಹಾರುವ ಸಂದಿಗೆ, ಅದನ್ನು ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿದೆ. 0.6 ಮಿಲಿಮೀಟರ್ ಇಟ್ಟಿದ್ದೇನೆ ಅಂದುಕೊಂಡಿದ್ದೆ. 0.7 ಇತ್ತು.