ಕಪ್ ಹೋಲ್ಡರಿನಲ್ಲಿ ಒಂದು ಬೋಲ್ಟು

ಕಾರು ಸರ್ವಿಸ್‌ನಿಂದ ವಾಪಸ್ ಬಂದ ಮಾರನೆಯ ಬೆಳಿಗ್ಗೆ ತರಕಾರಿ ತರಲು ಹೊರಟಿದ್ದೆ. ಗೇರ್ ಹಾಕುವಾಗ ಬೆರಳಿಗೆ ಏನೋ ತಣ್ಣಗೆ ತಾಗಿತು. ನೋಡಿದರೆ ಕಪ್ ಹೋಲ್ಡರಿನಲ್ಲಿ ಒಂದು ಬೋಲ್ಟು ಮಲಗಿತ್ತು. ಅರ್ಧ ಕಿರುಬೆರಳಿನಷ್ಟು ಉದ್ದ. ತಲೆಗೆ 10 ನಂಬರ್ ಸ್ಪ್ಯಾನರ್ ಕೂರುವಂಥದ್ದು. ಥ್ರೆಡ್ಡಿನಲ್ಲಿ ಸ್ವಲ್ಪ ಗ್ರೀಸು. ತುಕ್ಕು ಹಿಡಿದದ್ದಲ್ಲ, ಸವೆದದ್ದೂ ಅಲ್ಲ. ನಿನ್ನೆಯವರೆಗೆ ಎಲ್ಲೋ ಡ್ಯೂಟಿಯಲ್ಲಿದ್ದ ಬೋಲ್ಟು ಅಂತ ನೋಡಿದರೇ ಗೊತ್ತಾಗುತ್ತಿತ್ತು.

ತರಕಾರಿ ಅಲ್ಲಿಗೇ ಬಿಟ್ಟೆ. ಕಾರನ್ನು ಇಪ್ಪತ್ತರ ಸ್ಪೀಡಿನಲ್ಲಿ ಮನೆಗೆ ವಾಪಸ್ ತಂದು ಬಾನೆಟ್ ಎತ್ತಿದೆ. ನಮ್ಮಂಥವರು ಬಾನೆಟ್ ಎತ್ತಿ ನೋಡುವುದು ಮದುವೆ ಮನೆಯಲ್ಲಿ ಜಾತಕ ನೋಡಿದ ಹಾಗೆ. ಏನೂ ತಿಳಿಯದಿದ್ದರೂ ಒಂದು ನಿಮಿಷ ಹುಬ್ಬು ಗಂಟಿಕ್ಕಿ ನಿಲ್ಲಬೇಕು. ನಿಂತೆ. ಬ್ಯಾಟರಿಯ ಪಟ್ಟಿಯ ಬೋಲ್ಟು ಇತ್ತು. ಏರ್ ಫಿಲ್ಟರ್ ಡಬ್ಬದ್ದೂ ಇತ್ತು. ಕಣ್ಣಿಗೆ ಕಾಣುವ ಕಡೆಯೆಲ್ಲ ಬೋಲ್ಟು ಇದ್ದೇ ಇತ್ತು. ಅಂದರೆ ಇಲ್ಲದೇ ಇರುವುದು ಕಣ್ಣಿಗೆ ಕಾಣದ ಕಡೆ!

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ನಮ್ಮ ಮೈಸೂರಿನಲ್ಲೇ ಇರುವ, ಗಾಜಿನ ಬಾಗಿಲಿನ, ಕಾಫಿ ಮಿಶಿನ್ನಿನ ಜಾಗ ಅದು. ಹೆಸರು ಬೇಡ. ಅಡ್ವೈಸರ್ ಹುಡುಗ ಪೂರ್ತಿ ಕೇಳಿಸಿಕೊಂಡ.

"ಎಕ್ಸ್‌ಟ್ರಾ ಇರ್ಬೇಕು ಸರ್" ಅಂದ.

ಎಕ್ಸ್‌ಟ್ರಾ! ಹೋಳಿಗೆ ಊಟದಲ್ಲಿ ಎಕ್ಸ್‌ಟ್ರಾ ಇರುತ್ತದೆ. ಹೂವಿನವಳು ಒಂದು ಗೇಣು ಎಕ್ಸ್‌ಟ್ರಾ ಕೊಡುತ್ತಾಳೆ. ಕಾರು ಕಂಪನಿಯವರು ಯಾವತ್ತಾದರೂ ಎಕ್ಸ್‌ಟ್ರಾ ಬೋಲ್ಟು ಹಾಕಿ ಕಳಿಸಿದ್ದಾರೆಯೇ?

"ಗಾಡಿ ಓಡ್ತಿದೆ ಅಲ್ವಾ ಸರ್?"

ಓಡುತ್ತಿದೆ ಅಂದೆ.

"ಹಂಗಾದ್ರೆ ಪ್ರಾಬ್ಲಮ್ ಇಲ್ಲ ಸರ್. ಆಮೇಲೆ ಸರ್, ಒಂದು ಫೀಡ್‌ಬ್ಯಾಕ್ ಕಾಲ್ ಬರುತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ನಮ್ಗೆ ಫೇಲ್ ಲೆಕ್ಕ."

ಒಂಬತ್ತಕ್ಕೆ ಫೇಲ್ ಮಾಡುವ ಪರೀಕ್ಷೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನನ್ನ ಕಾಲದಲ್ಲಿ ಮೂವತ್ತೈದಕ್ಕೆ ಮನೆಯಲ್ಲಿ ಪಾಯಸ ಮಾಡುತ್ತಿದ್ದರು. ಹುಡುಗನ ಮೇಲೆ ಸಿಟ್ಟಿಲ್ಲ ಅಂತ ಬರೆಯಬೇಕು ಅಂದುಕೊಂಡೆ. ಸುಳ್ಳು. ಸಿಟ್ಟಿದೆ. ಬಿಲ್ಲು ನೋಡಿದಾಗಲೆಲ್ಲ ಜಾಸ್ತಿಯಾಗುತ್ತದೆ. ಎಂಜಿನ್ ಡ್ರೆಸ್ಸಿಂಗ್ ಅಂತ ಒಂದು ಸಾಲು. ಅಂದರೆ ಎಂಜಿನ್‌ಗೆ ಎಣ್ಣೆ ಹಚ್ಚಿ ಪಳಪಳ ಹೊಳೆಯುವಂತೆ ಮಾಡುವುದು. ವಧು ನೋಡಲು ಯಾರಾದರೂ ಬರುತ್ತಾರೆಯೇ ಅದನ್ನು? ಎ.ಸಿ. ಶುದ್ಧೀಕರಣ ಅಂತ ಇನ್ನೊಂದು. ಕನ್ಸ್ಯೂಮಬಲ್ಸ್ ಅಂತ ಮತ್ತೊಂದು. ಅದು ಏನು ಅಂತ ಕೇಳಿದರೆ "ಬಟ್ಟೆ ಗಿಟ್ಟೆ ಸರ್" ಅನ್ನುತ್ತಾರೆ. ಲೇಬರ್ ಮೇಲೆ ನೂರಕ್ಕೆ 18 ಜಿ.ಎಸ್.ಟಿ. ಇಷ್ಟೆಲ್ಲ ಬರೆದವರು ಬಿಚ್ಚಿದ ಬೋಲ್ಟನ್ನು ವಾಪಸ್ ಹಾಕುವುದಕ್ಕೂ ಒಂದು ಸಾಲು ಬರೆದುಕೊಳ್ಳಬಹುದಿತ್ತು. ಸಂತೋಷವಾಗಿ ಕೊಡುತ್ತಿದ್ದೆ.

ನನ್ನ ಭಯಕ್ಕೆ ಕಾರಣ ಇತ್ತು. ಎರಡು ವರ್ಷದ ಹಿಂದೆ ನನ್ನ ಭಾವಮೈದ ಹೀಗೇ ಸರ್ವಿಸ್ ಮಾಡಿಸಿಕೊಂಡು ಬೆಂಗಳೂರಿನಿಂದ ನಮ್ಮ ಮನೆಗೆ ಹೊರಟಿದ್ದ. ಎಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಒಂದು ಡ್ರೈನ್ ಬೋಲ್ಟು ಇರುತ್ತದೆ. ಹಳೇ ಆಯಿಲ್ ಇಳಿಸಲು ಅದನ್ನು ಬಿಚ್ಚಬೇಕು. ಮತ್ತೆ ಹಾಕುವಾಗ ಹೊಸ ವಾಷರ್ ಇಟ್ಟು ಸ್ಪ್ಯಾನರಿನಿಂದ ಬಿಗಿ ಮಾಡಬೇಕು. ಅವನ ಕಾರಿಗೆ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಬಿಟ್ಟಿದ್ದರು. ಆಗ ಟೀ ಬಂತೋ ಫೋನ್ ಬಂತೋ ದೇವರಿಗೇ ಗೊತ್ತು. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ಆಯಿಲ್ಲಿನ ಕೆಂಪು ದೀಪ ಹತ್ತಿಕೊಂಡಿತು. ಆ ದೀಪ ಹತ್ತಿದರೆ ಕೂಡಲೇ ಬದಿಗೆ ಹಾಕಿ ಎಂಜಿನ್ ಆರಿಸಬೇಕು. ಇವನು, "ಮದ್ದೂರಿನಲ್ಲಿ ಇಳಿದು ನೋಡೋಣ, ವಡೆಯೂ ಆಗುತ್ತೆ" ಅಂದುಕೊಂಡ. ಎಂಜಿನ್ ಅಷ್ಟು ದೂರ ಒಪ್ಪಲಿಲ್ಲ. ಆಯಿಲ್ ಇಲ್ಲದೆ ಒಳಗಿನ ಬೇರಿಂಗುಗಳು ಸುಟ್ಟು ಸೀಜ್ ಆಯಿತು. ಪಕ್ಕದ ಊರಿನಿಂದ ಬೈಕಿನಲ್ಲಿ ಮೆಕ್ಯಾನಿಕ್ ಕರೆಸೋಣ ಅಂದರೆ, 2023ರ ಆಗಸ್ಟಿನಿಂದ ಆ ರಸ್ತೆಯಲ್ಲಿ ಬೈಕು, ಆಟೋ ಬಿಡುವುದಿಲ್ಲ. ಟೋಯಿಂಗ್ ಗಾಡಿ ಬರುವವರೆಗೆ ಬೇಲಿ ಪಕ್ಕ ನಿಂತಿದ್ದ. ಎಂಜಿನ್ ಹೋದದ್ದಕ್ಕಿಂತ ಮೊದಲು ವಡೆ ತಪ್ಪಿದ್ದನ್ನು ಹೇಳುತ್ತಾನೆ ಇವತ್ತಿಗೂ.

ಈ ಬೋಲ್ಟಿನಿಂದ ನನಗೆ ಒಂದು ದೊಡ್ಡ ವಿಷಯ ಹೊಳೆದಿದೆ. ಅದನ್ನು ಹೇಳುವ ಮುಂಚೆ ನಮ್ಮಪ್ಪನ ಫಿಯೆಟ್ಟಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ.

ಕಾಗದದಲ್ಲಿ ಅದು ಪ್ರೀಮಿಯರ್ ಪದ್ಮಿನಿ. ಶಿವಮೊಗ್ಗದಲ್ಲಿ ಯಾರೂ ಹಾಗನ್ನುತ್ತಿರಲಿಲ್ಲ. ಫಿಯೆಟ್ಟು ಅಷ್ಟೆ. ಅಪ್ಪ ಅದಕ್ಕೆ ಮೂರನೆಯ ಯಜಮಾನ. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನ ಸೀಟಿನಲ್ಲಿ ಮೂರು ಜನ ಕೂರಬಹುದಿತ್ತು. ನಾಲ್ಕು ಜನ ಕೂರುತ್ತಿದ್ದರು. 1986ರ ಮೇ ತಿಂಗಳಲ್ಲಿ ಉಡುಪಿಯಲ್ಲಿ ಒಂದು ಮದುವೆ. ಹೊರಡುವ ಹಿಂದಿನ ದಿನ ಅಪ್ಪ ಕಾರನ್ನು ಭಾಯ್ ಹತ್ತಿರ ಬಿಟ್ಟು ಬಂದರು. ಭಾಯ್ ಅಂದರೆ ಅಪ್ಪನ ಖಾಯಂ ಮೆಕ್ಯಾನಿಕ್. ತಗಡಿನ ಶೆಡ್ಡು, ನೆಲವೆಲ್ಲ ಆಯಿಲ್ ಕುಡಿದು ಕಪ್ಪಾದ ಮಣ್ಣು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಎಳೆದು ಕೊಡುವ ಪೆಟ್ರೋಲ್ ಪಂಪಿನಲ್ಲಿ ಏನೋ ಒಸರುತ್ತಿದೆ ಅಂತ ಅದನ್ನು ಬಿಚ್ಚಿ ಪ್ಯಾಕಿಂಗ್ ಬದಲಾಯಿಸಿ ಕೊಟ್ಟರು.

ಹೋಗುವಾಗ ಇಳಿಜಾರು, ಏನೂ ತೊಂದರೆ ಆಗಲಿಲ್ಲ. ಬರುವಾಗ ಆಗುಂಬೆ ಘಾಟಿ ಹತ್ತಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು. ಕಾರಿನಲ್ಲಿ ಏಳು ಜನ, ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಅಮ್ಮನ ಮಡಿಲಲ್ಲಿ ಶಂಕರಪುರ ಮಲ್ಲಿಗೆ. ಐದನೆಯ ತಿರುವಿನಲ್ಲಿ ಫಿಯೆಟ್ಟು ಎರಡು ಸಲ ಬಿಕ್ಕಿ ನಿಂತಿತು. ಚಿಕ್ಕಪ್ಪ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

ಆ ಕಾಲದ ಕಾರಿನವರಿಗೆಲ್ಲ ಈ ಕಾಯಿಲೆ ಗೊತ್ತು. ಬಿಸಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗುತ್ತದೆ. ಪಂಪು ಆವಿಯನ್ನೇ ಎಳೆದೂ ಎಳೆದೂ ಸುಸ್ತಾಗುತ್ತದೆ. ಕಾರ್ಬುರೇಟರಿಗೆ ಒಂದು ಹನಿಯೂ ತಲುಪುವುದಿಲ್ಲ. ಇದಕ್ಕೆ ಔಷಧಿ ಒದ್ದೆ ಬಟ್ಟೆ. ಅಪ್ಪ ಹೆಗಲ ಮೇಲಿನ ಬೈರಾಸನ್ನು ನೆನೆಸಿ ಪಂಪಿಗೆ ಸುತ್ತಿದರು. ಹತ್ತು ನಿಮಿಷ ಕಾದ ಮೇಲೆ ಸ್ಟಾರ್ಟ್ ಆಯಿತು. ಆರನೆಯ ತಿರುವಿನಲ್ಲಿ ಮತ್ತೆ ನಿಂತಿತು. ಮತ್ತೆ ಬೈರಾಸು, ಮತ್ತೆ ನೀರು. ಎಂಟನೆಯದಕ್ಕೆ ಬರುವಷ್ಟರಲ್ಲಿ ನಾವು ತಂದ ನೀರೆಲ್ಲ ಖಾಲಿ. ಮೇ ತಿಂಗಳು, ಪಕ್ಕದ ಬಂಡೆಯಲ್ಲೂ ಒಂದು ಹನಿ ಇಲ್ಲ. ಮೇಲಿನಿಂದ ಇಳಿದು ಬಂದ ಬಸ್ಸೊಂದು ನಿಂತಿತು. ಅರ್ಧ ಬಸ್ಸು ಇಳಿದು ಬಂದು ನಮ್ಮ ಬಾನೆಟ್ಟಿನೊಳಗೆ ಇಣುಕಿತು. ಒಬ್ಬರು ಪ್ಲಗ್ಗು ಅಂದರು, ಒಬ್ಬರು ಡೈನಮೋ ಅಂದರು. ಒಬ್ಬ ಹಿರಿಯರು ಹಲಸಿನ ಹಣ್ಣಿನ ರೇಟು ಕೇಳಿದರು. ನೀರು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಇದ್ದದ್ದು ಅಜ್ಜಿಯ ಕೂಜಾದಲ್ಲಿ. ಅದು ಮಡಿ ನೀರು. ಉಡುಪಿಯಲ್ಲಿ ಬೆಳಿಗ್ಗೆ ತಾವೇ ಸೇದಿ ತುಂಬಿಸಿಕೊಂಡದ್ದು. ನಾವು ಮಕ್ಕಳು ಬಾಯಾರಿಕೆ ಅಂದಾಗಲೂ ಕೊಟ್ಟಿರಲಿಲ್ಲ. ಅಪ್ಪ ಕೂಜಾದ ಕಡೆ ನೋಡಿದರು. ಅಜ್ಜಿ ಕೂಜಾವನ್ನು ಸೆರಗಿನೊಳಗೆ ಎಳೆದುಕೊಂಡರು. ಯಾರೂ ಮಾತಾಡಲಿಲ್ಲ. ಬಸ್ಸಿನವರು ಕೂಡ. ಐದು ನಿಮಿಷ ಆದ ಮೇಲೆ ಅಜ್ಜಿ ಇಳಿದು, "ಯಾರೂ ಮುಟ್ಬೇಡಿ, ನಾನೇ ಹೊಯ್ತೀನಿ" ಅಂದರು. ಬಾನೆಟ್ ಮುಂದೆ ನಿಂತು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಸಣ್ಣ ಧಾರೆಯಾಗಿ ಪೆಟ್ರೋಲ್ ಪಂಪಿಗೆ ಅಭಿಷೇಕ ಮಾಡಿದರು. ಕಾರು ಸ್ಟಾರ್ಟ್ ಆಯಿತು. ಅಲ್ಲಿಂದ ಮೇಲಕ್ಕೆ ಒಂದೇ ಸಲ ನಿಂತಿತು. ಅದಕ್ಕೆ ಕಾರಣ ಅಮ್ಮ ನಡುವೆ ಕೆಮ್ಮಿದ್ದು ಅಂತ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು.

ಆಗುಂಬೆಯ ಸೂರ್ಯಾಸ್ತ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಾವು ಸರಿಯಾಗಿ ಅದೇ ಹೊತ್ತಿಗೆ ಅಲ್ಲಿ ತಲುಪಿದೆವು. ಏಳು ಜನರೂ ಸೂರ್ಯನಿಗೆ ಬೆನ್ನು ಹಾಕಿ ಪೆಟ್ರೋಲ್ ಪಂಪನ್ನೇ ನೋಡುತ್ತಾ ನಿಂತಿದ್ದೆವು.

ಮಾರನೆಯ ದಿನ ಅಪ್ಪ ಭಾಯ್ ಶೆಡ್ಡಿಗೆ ಹೋದರು. ನಾನೂ ಜೊತೆಗಿದ್ದೆ. ಬೈಯಲು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದರು ಅಂತ ಕಾಣುತ್ತದೆ, ಮುಖವೆಲ್ಲ ಕೆಂಪಾಗಿತ್ತು. ಕಾರು ನಿಲ್ಲುವ ಮೊದಲೇ ಭಾಯ್ ಕೈಯಲ್ಲಿ ಏನೋ ಹಿಡಿದು ಓಡಿ ಬಂದರು. ಚಪ್ಪಟೆಯಾದ ಒಂದು ಕಪ್ಪು ಬೇಕಲೈಟ್ ತುಂಡು. ಎಂಜಿನ್ ಮೈಯ ಬಿಸಿ ಪಂಪಿಗೆ ಹತ್ತದಿರಲಿ ಅಂತ ಎರಡರ ನಡುವೆ ಇಡುವಂಥದ್ದು. ಹಾಕುವುದನ್ನು ಮರೆತಿದ್ದರು. ನಾವು ಹೊರಟ ಮೇಲೆ ಬೆಂಚಿನ ಮೇಲೆ ಸಿಕ್ಕಿತಂತೆ. ತಕ್ಷಣ ಸೈಕಲ್ ಹತ್ತಿ ನಮ್ಮ ಮನೆಗೆ ಬಂದಿದ್ದಾರೆ. ಬೀಗ. ಸಂಜೆ ಮತ್ತೆ ಬಂದಿದ್ದಾರೆ. ಪಕ್ಕದ ಮನೆಯವರು ಉಡುಪಿ ಅಂದಾಗ, "ಘಾಟಿ ಹತ್ತಬೇಕಲ್ಲ" ಅಂತ ಅಲ್ಲೇ ಜಗಲಿ ಮೇಲೆ ಕೂತುಬಿಟ್ಟರಂತೆ.

"ನಂದೇ ತಪ್ಪು ಸಾರ್" ಅಂತ ಭಾಯ್ ಹಣೆ ಚಚ್ಚಿಕೊಂಡರು. ಹಣೆಯ ಮೇಲೆ ಗ್ರೀಸಿನ ನಾಲ್ಕು ಬೆರಳು ಮೂಡಿತು.

ಅಪ್ಪ ತಯಾರಿ ಮಾಡಿಕೊಂಡಿದ್ದ ಬೈಗುಳ ಹಾಗೇ ಉಳಿಯಿತು. ಟೀ ಬಂತು. ನನಗೆ ಒಂದು ಬನ್ನೂ ಬಂತು.

ಎಲ್ಲಿದ್ದೆ? ಹಾಂ, ಬೋಲ್ಟು. ಅದರಿಂದ ಹೊಳೆದ ದೊಡ್ಡ ವಿಷಯ. ಈಗ ಬರೆಯಲು ಕೂತರೆ ಅದು ಅಷ್ಟೇನೂ ದೊಡ್ಡದಾಗಿ ಕಾಣುತ್ತಿಲ್ಲ. ಇರಲಿ.

ಬೋಲ್ಟು ಸಿಕ್ಕಿದಾಗಿನಿಂದ ಕಾರಿನಲ್ಲಿ ನನಗೆ ಸದ್ದುಗಳು ಕೇಳಿಸುತ್ತವೆ. ಎಡಕ್ಕೆ ತಿರುಗಿದಾಗ ಟಿಕ್. ಹಂಪು ಹಾರಿದಾಗ ಕಟಕ್. ಹೆಂಡತಿಗೆ ಕೇಳಿಸುವುದಿಲ್ಲ. "ಅದು ನಿಮ್ಮ ಮಂಡಿ ರೀ" ಅನ್ನುತ್ತಾಳೆ. ಇನ್ನೊಂದು ಗ್ಯಾರೇಜಿನವನು ಕಾರನ್ನು ಲಿಫ್ಟಿಗೇರಿಸಿ, ಟಾರ್ಚ್ ಬಿಟ್ಟು ಇಡೀ ಕೆಳಗೆಲ್ಲ ನೋಡಿದ. ಡ್ರೈನ್ ಬೋಲ್ಟು ಸರಿಯಾಗಿದೆ, ಬ್ರೇಕಿನದು ಸರಿಯಾಗಿದೆ ಅಂದ. ವೀಲ್ ನಟ್ಟುಗಳನ್ನು ಮಾತ್ರ ಗಾಳಿ ಗನ್ನಿನಿಂದ ಎಷ್ಟು ಬಿಗಿ ಮಾಡಿದ್ದರು ಅಂದರೆ ಅವನು ಸ್ಪ್ಯಾನರ್ ಮೇಲೆ ಹತ್ತಿ ನಿಂತು ಕುಣಿದು ಸಡಿಲ ಮಾಡಬೇಕಾಯಿತು. ರಾತ್ರಿ ದಾರಿಯಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಬೇಕಾಗಿದ್ದರೆ, ಈ ವಯಸ್ಸಿನಲ್ಲಿ, ನಾನು ಕುಣಿಯಬೇಕಿತ್ತು. ಒಂದು ಕಡೆ ಹಾಕೇ ಇಲ್ಲ, ಇನ್ನೊಂದು ಕಡೆ ಬಿಚ್ಚಲೇ ಬಾರದ ಹಾಗೆ ಹಾಕಿದ್ದಾರೆ. ಸರಾಸರಿ ತೆಗೆದರೆ ಸರಿಹೋಗುತ್ತದೆ ಅಂತ ಲೆಕ್ಕವೋ ಏನೋ.

ಬೋಲ್ಟಿನ ಜಾಗ ಅವನಿಗೂ ಸಿಗಲಿಲ್ಲ. ಅದು ಒಂದು ತಿಂಗಳು ನನ್ನ ಮೇಜಿನ ಮೇಲೆ, ಪೆನ್ನಿನ ಡಬ್ಬದ ಪಕ್ಕದಲ್ಲಿತ್ತು. ಫೀಡ್‌ಬ್ಯಾಕ್ ಕಾಲ್ ಬಂದಾಗಲೂ ಅದನ್ನೇ ನೋಡುತ್ತಿದ್ದೆ. ಮೂರು ಕೊಡಬೇಕು ಅಂದುಕೊಂಡಿದ್ದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಅಡ್ವೈಸರ್ ಹುಡುಗನ ಫೇಲ್ ಲೆಕ್ಕ ನೆನಪಾಯಿತು. ಹತ್ತು ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನ್ನ ಮೇಲೇ ಬಂದ ಸಿಟ್ಟಿಗೆ ಆವತ್ತು ಕಾಫಿ ಕೂಡ ರುಚಿಸಲಿಲ್ಲ.

ಹೋದ ಭಾನುವಾರ ನೋಡಿದರೆ ಬೋಲ್ಟು ಮೇಜಿನ ಮೇಲಿಲ್ಲ. ನಮ್ಮ ಗೇಟಿನ ಚಿಲಕದ ಒಂದು ಬೋಲ್ಟು ಬಿದ್ದುಹೋಗಿ, ವರ್ಷದಿಂದ ಅಲ್ಲಿ ತಂತಿ ಕಟ್ಟಿದ್ದೆವು. ಹೆಂಡತಿ ಹಳೇ ಡಬ್ಬದಿಂದ ಒಂದು ನಟ್ಟು ಹುಡುಕಿ ನನ್ನ ಬೋಲ್ಟನ್ನು ಅಲ್ಲಿ ಕೂರಿಸಿದ್ದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಚಿಲಕ ಈಗ ಅಲ್ಲಾಡುವುದಿಲ್ಲ.

"ಅದು ಕಾರಿನದು ಕಣೇ, ಮುಂದೆ ಬೇಕಾಗಬಹುದು" ಅಂದೆ.

ಅವಳು ಬಗ್ಗಿ ಚಿಲಕದ ಕೆಳಗಿನ ತೂತನ್ನು ನೋಡುತ್ತಿದ್ದಳು. ಅಲ್ಲೂ ತಂತಿಯೇ ಇತ್ತು.

"ಇಲ್ಲಿಗೂ ಇಂಥದ್ದೇ ಒಂದು ಬೇಕು ರೀ. ಮುಂದಿನ ಸರ್ವಿಸ್ ಯಾವಾಗ?"