ಗಿಡಕ್ಕೆ ಬಾಯಾರಿದೆಯಂತೆ!

ನಮ್ಮ ದಾವಣಗೆರೆಯಲ್ಲಿ ಉದ್ಘಾಟನೆಯಾದ ಹಸಿರು ಗೋಡೆಯ ಸುದ್ದಿ ನೀವೂ ಓದಿರುತ್ತೀರಿ. ಫೋಟೊ ಕೂಡ ನೋಡಿರುತ್ತೀರಿ. ರಿಬ್ಬನ್, ಕತ್ತರಿ, ಕತ್ತರಿಗೊಂದು ತಟ್ಟೆ, ತಟ್ಟೆ ಹಿಡಿಯಲು ಇಬ್ಬರು. ಹಿಂದೆ ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ಕುಂಡಗಳು. ಅದನ್ನು ಬರೀ ಗೋಡೆ ಅನ್ನಬಾರದಂತೆ. ‘ಜೀವಂತ ಡಿಜಿಟಲ್ ಕಲಾಕೃತಿ’ ಅನ್ನಬೇಕಂತೆ. ಗಾಳಿಯಲ್ಲಿ ಧೂಳು ಎಷ್ಟು, ಮಣ್ಣಲ್ಲಿ ತೇವ ಎಷ್ಟು ಎಂದು ಸೆನ್ಸರ್ ಅಳೆಯುತ್ತದೆ. ಅದಕ್ಕೆ ತಕ್ಕಂತೆ ದೀಪದ ಬಣ್ಣ ಬದಲಾಗುತ್ತದೆ. ಗಿಡದ ಮನಸ್ಸು ನಮಗೆ ತಿಳಿಯುತ್ತದೆ.

ಒಳ್ಳೆಯದೇ. ದಾವಣಗೆರೆಯಲ್ಲಿ ಮನುಷ್ಯರ ಮನಸ್ಸು ಯಾರಾದರೂ ಕೇಳಿ ಬಹಳ ದಿನ ಆಗಿತ್ತು. ಗಿಡದಿಂದಲಾದರೂ ಶುರುವಾಗಲಿ.

ಮಣ್ಣು ಒಣಗಿದರೆ ಗೋಡೆಯ ಮೇಲೆ ಕೆಂಪು ಅಕ್ಷರ ಓಡುತ್ತದೆ: ‘ನನಗೆ ಬಾಯಾರಿದೆ’. ಅದೇ ಮಾತು ಯಾರದೋ ಮೊಬೈಲಿಗೂ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಟ್ಯಾಂಕರ್ ಹಾಜರ್! ಕಣ್ಣಾರೆ ನೋಡಿದೆ. ಟ್ಯಾಂಕರ್ ಪೈಪು ಹಿಡಿದು ಕುಂಡಕ್ಕೆ ನೀರು ಬಿಡುತ್ತಿದ್ದರೆ, ಎದುರಿನ ಓಣಿಯ ಹೆಂಗಸರು ಕೊಡ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ಅವರಿಗೆ ನಲ್ಲಿ ನೀರು ಬಂದು ಎಂಟು ದಿನ ಆಗಿತ್ತು.

ಮನೆಗೆ ಬಂದು ಹೇಳಿದರೆ ನಮ್ಮವಳು ಈರುಳ್ಳಿ ಹೆಚ್ಚುತ್ತಲೇ ಅಂದಳು: ‘ರೀ, ನಮ್ಮ ಸಂಪಿಗೂ ಅಂಥದ್ದೊಂದು ಹಾಕಿಸ್ರೀ. ನಾವು ಫೋನ್ ಮಾಡಿದ್ರೆ ಎತ್ತಲ್ಲ. ಮಷೀನ್ ಮಾಡಿದ್ರೆ ಎತ್ತುತಾರೆ.’

ನಾನು ನಕ್ಕೆ. ರಾತ್ರಿ ಮಲಗಿದ ಮೇಲೆ ಅನ್ನಿಸಿತು, ಸಂಪಿನ ಪಕ್ಕ ಎರಡು ಕುಂಡ ಇಟ್ಟು, ನಾಲ್ಕು ಬಣ್ಣದ ಬಲ್ಬು ಸುತ್ತಿ, ‘ಕಲಾಕೃತಿ’ ಅಂತ ಬೋರ್ಡ್ ಹಾಕಿದರೆ ಹೇಗೆ?

ಕಲೆಯ ಬಗ್ಗೆ ನನಗೆ ತಕರಾರಿಲ್ಲ ಕಣ್ರೀ. ಹೊರದೇಶದಲ್ಲಿ ಇಂಥವನ್ನು ಚೆನ್ನಾಗಿಯೇ ಮಾಡಿದ್ದಾರೆ. 2008ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕರೆಂಟ್ ತಯಾರಿಸುವ ಸ್ಥಾವರದ ಚಿಮಣಿ ಹೊಗೆಯ ಮೇಲೆ ಹಸಿರು ಲೇಸರ್ ಬಿಟ್ಟರು. ಮಾಡಿದ್ದು ‘ಹೆಹೆ’ ಎಂಬ ಕಲಾವಿದರ ಜೋಡಿ. ಹೆಸರೇ ಹಾಗೆ, ನಾನು ನಗುತ್ತಿಲ್ಲ. ಸುತ್ತಲ ಮನೆಗಳಲ್ಲಿ ಕರೆಂಟ್ ಕಡಿಮೆ ಬಳಸಿದಷ್ಟೂ ಆಕಾಶದ ಹಸಿರು ಮೋಡ ದೊಡ್ಡದಾಗುತ್ತಿತ್ತು. ಜನ ಸ್ವಿಚ್ ಆರಿಸಿ ಹೊರಗೆ ಬಂದು ನೋಡಿದರು. ನಮ್ಮಲ್ಲಿ ಅಷ್ಟು ಕಷ್ಟ ಇಲ್ಲ. ಸ್ವಿಚ್ ಅವರೇ ಆರಿಸುತ್ತಾರೆ, ನಾವು ಹೊರಗೆ ಬಂದು ‘ನಿಮ್ಮನೇಲೂ ಇಲ್ವಾ?’ ಅಂತ ಕೇಳುತ್ತೇವೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನವರು ಇನ್ನೂ ಮುಂದೆ. 2013ರಲ್ಲಿ ಊರಿನ ಸುಮಾರು 70 ಸಾವಿರ ಮರಗಳಿಗೆ ಒಂದೊಂದು ಇ-ಮೇಲ್ ವಿಳಾಸ ಕೊಟ್ಟರು. ಕೊಂಬೆ ಮುರಿದಿದ್ದರೆ ತಿಳಿಸಲಿ ಅನ್ನುವುದು ಉದ್ದೇಶ. ಜನ ಮರಗಳಿಗೆ ಪ್ರೇಮಪತ್ರ ಬರೆದರು! ನಿನ್ನ ನೆರಳು ಚೆಂದ, ನಿನ್ನ ಎಲೆ ಚೆಂದ ಅಂತ.

ನಮ್ಮ ರಸ್ತೆಯ ಹೊಂಗೆ ಮರಕ್ಕೂ ಒಂದು ವಿಳಾಸ ಕೊಟ್ಟರೆ ಏನೇನು ಬರಬಹುದು? ಮೊದಲ ಪತ್ರ ಅಂಗಡಿಯವರದ್ದು: ‘ನಿಮ್ಮ ಕೊಂಬೆ ನಮ್ಮ ಬೋರ್ಡಿಗೆ ಅಡ್ಡ ಬರುತ್ತಿದೆ, ಕೂಡಲೇ ತೆರವು ಮಾಡುವುದು.’ ಎರಡನೆಯದು ಅಭಿಮಾನಿ ಬಳಗದ್ದು: ‘ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲು ನಿಮ್ಮ ಬಲಗಡೆ ಟೊಂಗೆ ಬುಕ್ ಮಾಡಿದ್ದೇವೆ.’ ಮೂರನೆಯದು ಟ್ಯೂಷನ್‌ನವರದ್ದು, ಮೊಳೆ ಸಮೇತ. ನಾಲ್ಕನೆಯದು, ಖಾಸಗಿಯಾಗಿ: ‘ನಿಮ್ಮ ಬುಡಕ್ಕೆ ಸಿಮೆಂಟ್ ಹಾಕುವ ಟೆಂಡರ್ ಯಾರಿಗಾಗಿದೆ, ಸ್ವಲ್ಪ ತಿಳಿಸುವಿರಾ?’ ಪ್ರೇಮಪತ್ರವೂ ಬಂದೀತು. ಆದರೆ ಅದು ಮರಕ್ಕಲ್ಲ. ಕಾಂಡದ ಮೇಲೆ ಹೃದಯ ಕೆತ್ತಿ, ಬಾಣ ಬಿಟ್ಟು, ಬೇರೆ ಯಾರಿಗೋ.

ಗಾಳಿ ಅಳೆಯುವ ಕಲಾಕೃತಿ ನಮ್ಮೂರಲ್ಲಿ ಹೊಸದೂ ಅಲ್ಲ. ಮಂಡಕ್ಕಿ ಭಟ್ಟಿಗಳ ಮಗ್ಗುಲ ಮನೆಯ ಮಾಳಿಗೆ ಮೇಲೆ ಒಂದು ಬಿಳಿ ಅಂಗಿ ಒಣಗಲು ಹಾಕಿ. ಸಂಜೆ ತೆಗೆಯಿರಿ. ಬಣ್ಣ ಬದಲಾಗಿರುತ್ತದೆ. ಬ್ಯಾಟರಿ ಬೇಡ, ಟೆಂಡರ್ ಬೇಡ. ಹಾಗಂತ ಮಂಡಕ್ಕಿ ಹುರಿಯುವವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸಂಜೆ ಮಿರ್ಚಿ ಜೊತೆ ತಿನ್ನುವ ಬಾಯಿ ಇದೇ ಅಲ್ವಾ? ಆ ಹೊಗೆಯಲ್ಲಿ ಬೆಳಗಿನಿಂದ ನಿಲ್ಲುವವರು ಅವರೇ. ಅವರ ಎದೆಗೆ ಸೆನ್ಸರ್ ಇಟ್ಟವರನ್ನು ನಾನು ನೋಡಿಲ್ಲ.

ನಮ್ಮೂರಿಗೆ ಪಟ್ಟಿಯೆಂದರೆ ಪ್ರೀತಿ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ನಾವಿದ್ದೆವು. 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂತು. ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಕರ್ನಾಟಕದಿಂದ ನಾಲ್ಕು ಹೆಸರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಾವು. ಎರಡರಲ್ಲೂ ಪಾಸು.

ಗೋಡೆ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ, ‘ದೀಪ ಕೆಂಪಾದರೆ ಮುಂದೇನಪ್ಪಾ?’

‘ಕೆಂಪು ಅಂದ್ರೆ ಗಾಳಿ ಸರಿ ಇಲ್ಲ ಅಂತ ಸಾರ್.’

‘ಅದು ಗೊತ್ತಾಯ್ತು. ಯಾರು ಏನು ಮಾಡ್ತಾರೆ?’

‘ನಮ್ದು ತೋರಿಸೋದಷ್ಟೇ ಸಾರ್. ಗಾಳಿ ಬೇರೆಯವರದ್ದು.’

ಅವನ ತಪ್ಪಲ್ಲ. ಅವನಿಗೆ ಎರಡು ತಿಂಗಳ ಸಂಬಳ ಬಂದಿಲ್ಲವಂತೆ. ಅದನ್ನು ತೋರಿಸುವ ದೀಪ ಇಲ್ಲ.

ಹಿರಿಯೂರಿನಲ್ಲಿ ನಮ್ಮ ಸೋದರಮಾವ ಇದ್ದಾರೆ. ಮಳೆಗಾಲ ಬಂದರೆ ಬೆಳಿಗ್ಗೆ ಫೋನ್ ಮಾಡಿ ‘ಚೆನ್ನಾಗಿದೀಯಾ’ ಅನ್ನುವುದಿಲ್ಲ. ಮಾರಿಕಣಿವೆ ಅಣೆಕಟ್ಟಿನ ನೀರು ಎಷ್ಟಡಿ ಆಯಿತು ಅನ್ನುವುದನ್ನೇ ಮೊದಲು ಹೇಳುತ್ತಾರೆ. ತುಂಬಿದರೆ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಆ ದಿನ ಮಾವ ಫೋನಿನಲ್ಲಿ ಮಾತಾಡಲಿಲ್ಲ, ಕೋಡಿಯ ಹತ್ತಿರ ಹೋಗಿ ಸದ್ದು ಕೇಳಿಸಿದರು. ಅವರಿಗೆ ಆ ಅಡಿ ಲೆಕ್ಕ ಅಂದರೆ ತೆಂಗು ಉಳಿಯುತ್ತೋ ಇಲ್ಲವೋ ಅನ್ನುವ ಲೆಕ್ಕ. ನಮ್ಮ ಗೋಡೆಯ ಅಂಕಿಯಿಂದ ಯಾರ ಯಾವ ಲೆಕ್ಕ ಬದಲಾಗಿದೆ? ಒಂದು ಗುಂಡಿ ಮುಚ್ಚಿ ಧೂಳು ಕಡಿಮೆ ಮಾಡಿದಿರಾ? ಒಬ್ಬ ಕಂಟ್ರಾಕ್ಟರಿಗೆ ಮರಳಿನ ಮೇಲೆ ತಾಡಪಾಲು ಹೊದಿಸು ಅಂದಿರಾ? ಮಕ್ಕಳು ರಾತ್ರಿ ಎದ್ದು ಕೂತು ಕೆಮ್ಮುತ್ತವೆ. ಅದಕ್ಕೆ ಬಣ್ಣದ ದೀಪ ಹಚ್ಚಿ ಸೆಲ್ಫಿ ಪಾಯಿಂಟ್ ಮಾಡಿದ್ದೀರಿ. ಸಾಕಾಗಿದೆ ಸ್ವಾಮಿ.

ಇರಲಿ. ಮೊನ್ನೆ ಹೋದಾಗ ಗೋಡೆಯ ಗಿಡಗಳು ಮೊದಲಿಗಿಂತ ಹಸಿರಾಗಿದ್ದವು. ಮುಟ್ಟಿ ನೋಡಿದೆ. ಪ್ಲಾಸ್ಟಿಕ್. ಸೆನ್ಸರ್ ಮಾತ್ರ ಅಸಲಿದೇ, ಇನ್ನೂ ಕೆಲಸ ಮಾಡುತ್ತಿದೆ. ‘ನನಗೆ ಬಾಯಾರಿದೆ’ ಅಂತ ಅಕ್ಷರ ಓಡುತ್ತಲೇ ಇತ್ತು. ಟ್ಯಾಂಕರ್ ಕೂಡ ಬಂದು ನಿಂತಿತ್ತು.

ಈ ಟ್ಯಾಂಕರ್ ಪುರಾಣ ಇನ್ನೂ ಇದೆ. ಆದರೆ ಒಳಗಿನಿಂದ ‘ರೀ, ನೀರು ಬಂತು’ ಅಂತ ಕೂಗುತ್ತಿದ್ದಾಳೆ. ಹನ್ನೊಂದನೇ ದಿನ. ಕರೆಂಟ್ ಹೋಗುವುದರೊಳಗೆ ಮೋಟಾರ್ ಹಾಕಬೇಕು.